ಎಲ್‌ಪಿಜಿ ಟ್ಯಾಂಕ್ ಕೂತ ಮೇಲೆ ಸ್ಟೆಪ್ನಿಗೆ ಜಾಗ ಇಲ್ಲ: ದಾರೀಲಿ ಪಂಚರ್ ಆದ್ರೆ ಏನು ದಾರಿ?

ಹಾಸನದ ಹಾದಿ
ಹಳೇ ಸ್ವಿಫ್ಟ್ ಪೆಟ್ರೋಲ್ ಗಾಡಿಗೆ ಎಲ್‌ಪಿಜಿ ಕಿಟ್ ಹಾಕಿಸಿದ್ದಾಯ್ತು. ಟ್ಯಾಂಕು ಉದ್ದಿನವಡೆ ಆಕಾರದ್ದು. ಡಿಕ್ಕಿ ನೆಲದ ಕೆಳಗೆ ಸ್ಟೆಪ್ನಿ ಕೂರ್ತಿದ್ದ ಗುಂಡಿಯಲ್ಲೇ ಕೂತಿದೆ, ಡಿಕ್ಕಿ ಜಾಗ ಉಳೀತು. ಆದ್ರೆ ಸ್ಟೆಪ್ನಿ ಈಗ ಮನೆ ಶೆಡ್ಡಲ್ಲಿದೆ. ಟೈರು 165/80 ಆರ್14, ನಾಲ್ಕೂ ಟ್ಯೂಬ್‌ಲೆಸ್, ಸ್ಟೀಲ್ ಡಿಸ್ಕ್ (ಟೈರ್ ಕೂರೋ ಲೋಹದ ಚಕ್ರ). ಹಾಸನ–ಮಂಗಳೂರು ಓಡಾಟ ಜಾಸ್ತಿ, ಶಿರಾಡಿ ಘಾಟಿ ದಾಟೋದು ಹೆಚ್ಚಾಗಿ ರಾತ್ರಿ. ಸ್ಟೆಪ್ನಿನ ಡಿಕ್ಕಿ ಮೇಲೇ ಮಲಗಿಸಿಕೊಂಡು ಹೋಗೋದಾ, ಇಲ್ಲ ಪಂಚರ್ ಕಿಟ್ ನಂಬಿಕೊಂಡು ಬಿಟ್ಟುಬಿಡೋದಾ? ಸ್ಟೆಪ್ನಿ ಇಲ್ಲದಿದ್ರೆ ಪೊಲೀಸರು ದಂಡ ಹಾಕ್ತಾರೆ ಅಂತಾನೂ ಒಬ್ರು ಹೆದರಿಸಿದ್ರು.

ಪಂಚರ್ ಪೆಟ್ಟಿಗೆ
ಪಂಚರ್ ಕಿಟ್ ಇಟ್ಕೊಳ್ಳಿ, ಅದನ್ನ ಬಳಸೋದು ಕಲೀರಿ. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದ್ರೆ ಗಾಳಿ ಒಮ್ಮೆಗೇ ಹೋಗಲ್ಲ, ನಿಧಾನಕ್ಕೆ ಇಳಿಯತ್ತೆ. ಮೊದಲ ಪಾಠ ಇದು: ಮೊಳೆ ಕಂಡ ಕೂಡಲೇ ಕೀಳಬೇಡಿ. ಮೊಳೆಯೇ ಆ ತೂತಿಗೆ ಬಿರಡೆ. ಗಾಳಿ ಹಿಡಿಸಿ, 33 ಪಿಎಸ್‌ಐಗೆ ತಂದು, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಒಂದೆರಡು ಪಿಎಸ್‌ಐ ಮಾತ್ರ ಇಳಿದಿದ್ರೆ ಹಾಗೇ ನಿಧಾನಕ್ಕೆ ಓಡಿಸ್ಕೊಂಡು ಮುಂದಿನ ಪಂಚರ್ ಅಂಗಡಿ ಸೇರಬಹುದು. ಘಾಟಿ ಮಧ್ಯ ಕತ್ತಲಲ್ಲಿ ಕೂತು ಕೀಳೋದಕ್ಕಿಂತ ಅದೇ ವಾಸಿ.

ನಾಲ್ಕು ಚಕ್ರ
ಕಿಟ್ ಎಲ್ಲಾ ಸರಿ. ಶಿರಾಡಿ ಹೊಂಡಕ್ಕೆ ಬಿದ್ದು ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಸೀಳಿದ್ರೆ ಕಿಟ್ ಏನ್ ಮಾಡತ್ತೆ? ಡಿಸ್ಕ್ ಬಾಗಿದ್ರೆ? ಸ್ಟೆಪ್ನಿ ಇರಲೇಬೇಕು. ಹಿಂದಿನ ಸೀಟಲ್ಲಿ ಹಾಕ್ಕೊಂಡಾದ್ರೂ ಹೋಗ್ಲಿ.

ಕಿಟ್ ಫಿಟ್ಟರ್
ಸೀಟಲ್ಲಿ ಬಿಡಿಯಾಗಿ ಹಾಕ್ಕೊಂಡು ಹೋಗೋ ಸಲಹೆ ದಯವಿಟ್ಟು ಯಾರಿಗೂ ಕೊಡಬೇಡಿ. 14 ಇಂಚಿನ ಸ್ಟೀಲ್ ಡಿಸ್ಕ್, ಟೈರ್ ಸೇರಿ ಹದಿನಾಲ್ಕು ಕೆಜಿ ಹತ್ತಿರ ತೂಗತ್ತೆ. ಗಾಡಿ ಎಲ್ಲಾದ್ರೂ ಗುದ್ದಿದ್ರೆ ಅದು ನೇರ ಮುಂದೆ ಕೂತವರ ಬೆನ್ನಿಗೆ.

ಡಿಕ್ಕಿಯಲ್ಲಿಡೋದಾದ್ರೂ ಎಲ್ಲಿಗೆ ಕಟ್ತೀರ ಅನ್ನೋದು ಮುಖ್ಯ. ಉದ್ದಿನವಡೆ ಟ್ಯಾಂಕಿನ ಮೇಲೆ ಮಲ್ಟಿವಾಲ್ವ್ ಇರತ್ತೆ. ಗ್ಯಾಸ್ ತುಂಬೋ ಪೈಪು, ಇಂಜಿನ್‌ಗೆ ಹೋಗೋ ಪೈಪು, ಗೇಜ್ ಎಲ್ಲಾ ಅಲ್ಲೇ. ಅದರ ಮೇಲೊಂದು ಗಾಳಿಯಾಡದ ಮುಚ್ಚಳ, ಅಲ್ಲಿಂದ ಗಾಡಿ ತಳಕ್ಕೆ ಒಂದು ದಪ್ಪ ಹೋಸ್. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದ್ರೆ ಮೇಲೆ ಹಾರಿಹೋಗಲ್ಲ, ಡಿಕ್ಕಿ ಗುಂಡಿಯಲ್ಲೇ ನೀರಿನ ಥರ ನಿಲ್ಲತ್ತೆ. ಆ ಹೋಸ್ ಇರೋದು ಅದನ್ನ ಹೊರಗೆ ಹರಿಸೋಕೆ. ಚಕ್ರದ ಭಾರ ಆ ಮುಚ್ಚಳದ ಮೇಲೆ ಬಿದ್ರೆ, ಹೋಸ್ ಮಡಚಿಕೊಂಡ್ರೆ, ಸೋರಿದ ಗ್ಯಾಸ್ ಒಳಗೇ ಉಳಿಯತ್ತೆ. ಟ್ಯಾಂಕ್ ಬಿಗಿದಿರೋ ನಡುವಿನ ಬೋಲ್ಟ್‌ಗಂತೂ ಚಕ್ರ ಸಿಗಿಸಬೇಡಿ. ಆ ಬೋಲ್ಟ್ ಟ್ಯಾಂಕಿಗೆ ಲೆಕ್ಕ ಹಾಕಿ ಹಾಕಿರೋದು, ಎರಡಕ್ಕಲ್ಲ.

ಹಾಸನದ ಹಾದಿ
ಮುಚ್ಚಳದ ವಿಷಯ ಗೊತ್ತೇ ಇರ್ಲಿಲ್ಲ, ಥ್ಯಾಂಕ್ಸ್ ಸಾರ್. ಹಾಗಾದ್ರೆ ಚಕ್ರ ಒಯ್ಯಲೇಬೇಕು ಅಂದ್ರೆ ಹೇಗೆ?

ಕಿಟ್ ಫಿಟ್ಟರ್
ಡಿಕ್ಕಿಯ ಒಂದು ಪಕ್ಕಕ್ಕೆ, ಹಿಂದಿನ ಸೀಟಿನ ಬೆನ್ನಿಗೆ ಒರಗಿಸಿ ನಿಲ್ಲಿಸಿ. ಡಿಸ್ಕಿನ ಕಣ್ಣಿನೊಳಗಿಂದ ರಾಚೆಟ್ ಬೆಲ್ಟ್ ತೂರಿಸಿ ಬಾಡಿಗೇ ಬೆಸುಗೆ ಇರೋ ಕೊಂಡಿಗೆ ಎರಡು ಕಡೆ ಬಿಗೀಬೇಕು. ಪ್ಲಾಸ್ಟಿಕ್ ಕೊಕ್ಕೆ ಆಗಲ್ಲ, ಟ್ಯಾಂಕಿನ ಪಟ್ಟಿ ಆಗಲ್ಲ. ಕಟ್ಟಿದ ಮೇಲೆ ಕೈಯಲ್ಲಿ ಜಗ್ಗಿದ್ರೆ ಗಾಡಿ ಅಲ್ಲಾಡಬೇಕು, ಚಕ್ರ ಅಲ್ಲಾಡಬಾರದು. ಅಡ್ಡಕ್ಕೆ ಮಲಗಿಸಿದ್ರೆ ನಿಮ್ಮ ಸೈಜಿನ ಟೈರು 62 ಸೆಂಟಿಮೀಟರ್ ಜಾಗ ತಿನ್ನತ್ತೆ, ಟ್ಯಾಂಕ್ ಹಾಕಿಸಿ ಉಳಿಸಿಕೊಂಡ ಡಿಕ್ಕಿ ಹೋಯ್ತು ಅಂತಲೇ ಲೆಕ್ಕ.

ಹುಬ್ಬಳ್ಳಿ ಹೈವೇ
ಅಷ್ಟೆಲ್ಲಾ ಯಾಕ್ರೀ, ಆಲ್ಟೋದ್ದು 12 ಇಂಚಿನ ಸಣ್ಣ ಚಕ್ರ ಗುಜರಿ ಅಂಗಡ್ಯಾಗ ಸಿಗತಾವ. ನಾಲ್ಕು ನಟ್ಟು, ಅದೂ ಮಾರುತಿನ, ಇದೂ ಮಾರುತಿನ. ಹಗುರ ಇರ್ತದ, ಡಿಕ್ಕ್ಯಾಗ ಕೂಡ್ತದ.

ಪಂಚರ್ ಪೆಟ್ಟಿಗೆ
ಅಣ್ಣಾ, ನಟ್ಟು ಕೂತ ಮಾತ್ರಕ್ಕೆ ಚಕ್ರ ಕೂರಲ್ಲ. ಸ್ವಿಫ್ಟ್‌ನ ನಟ್ಟಿನ ಅಂತರ 4 ಅಡ್ಡ 100, ಅಂದ್ರೆ ನಾಲ್ಕು ನಟ್ಟು, 100 ಮಿಲಿಮೀಟರ್ ವ್ಯಾಸದ ಸುತ್ತಿನ ಮೇಲೆ. ಆಲ್ಟೋದ್ದೂ ಅದೇ ಇರಬಹುದು. ಆದ್ರೆ 12 ಇಂಚಿನ ಡಿಸ್ಕಿನ ಒಳಗೆ 14 ಇಂಚಿನ ಗಾಡಿಯ ಮುಂದಿನ ಬ್ರೇಕ್ ಕ್ಯಾಲಿಪರ್ (ಬ್ರೇಕ್ ಒತ್ತೋ ಭಾಗ) ಹಿಡಿಸಲ್ಲ, ಉಜ್ಜತ್ತೆ. ಎರಡನೇದು ವ್ಯಾಸ. 165/80 ಆರ್14 ಲೆಕ್ಕ ಹಾಕಿ: ಡಿಸ್ಕ್ 14 ಇಂಚು ಅಂದ್ರೆ 356 ಮಿಲಿಮೀಟರ್, ಮೇಲೆ ಕೆಳಗೆ 165ರ ಶೇಕಡಾ 80 ಅಂದ್ರೆ 132 ಮಿಲಿಮೀಟರ್ ಟೈರು, ಒಟ್ಟು 620. ಆಲ್ಟೋ 145/80 ಆರ್12: 305ಕ್ಕೆ ಎರಡು ಸಲ 116 ಸೇರಿ 537. ನೂರಕ್ಕೆ ಹದಿಮೂರು ಚಿಕ್ಕದು. ಮುಂದಿನ ಆಕ್ಸಲ್‌ಗೆ ಹಾಕಿದ್ರೆ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಿ ಡಿಫರೆನ್ಷಿಯಲ್ (ತಿರುವಲ್ಲಿ ಎರಡು ಚಕ್ರಕ್ಕೂ ಬೇರೆ ವೇಗ ಹಂಚೋ ಭಾಗ) ಒಳಗಿನ ಗೇರುಗಳು ನೇರ ರಸ್ತೇಲೂ ಬಿಡುವಿಲ್ಲದೆ ಸುತ್ತುತ್ತಾ ಬಿಸಿಯಾಗ್ತವೆ. ಗಾಡಿ ಒಂದು ಕಡೆಗೆ ವಾಲತ್ತೆ, ಬ್ರೇಕ್ ಒತ್ತಿದ್ರೆ ಎಳೆಯತ್ತೆ. ಘಾಟಿ ಇಳಿಜಾರಲ್ಲಿ ಇದು ಬೇಡವೇ ಬೇಡ.

ಹುಬ್ಬಳ್ಳಿ ಹೈವೇ
ವ್ಯಾಸದ ಲೆಕ್ಕ ಒಪ್ಪಿದೆ. ಹಂಗಾದ್ರ ಕಂಪನಿಯವರು ಕೊಡೋ ತೆಳು ಸ್ಟೆಪ್ನಿ? ಅದೂ ಸಣ್ಣದ ಇರ್ತದಲ್ಲ?

ಪಂಚರ್ ಪೆಟ್ಟಿಗೆ
ಇರತ್ತೆ, ಆದ್ರೆ ಅಷ್ಟು ಸಣ್ಣದಲ್ಲ. ಪಕ್ಕದಲ್ಲಿ ಟಿ ಅಕ್ಷರದಿಂದ ಶುರುವಾಗೋ ನಂಬರ್ ಇರತ್ತೆ ನೋಡಿ. ಟಿ125/80 ಡಿ15 ತಗೊಂಡ್ರೆ 581 ಮಿಲಿಮೀಟರ್, ಅಂದ್ರೆ ನೂರಕ್ಕೆ ಆರು ಕಡಿಮೆ. ಅಗಲ ಬರೀ 125. ಮುಂದಿನ ಸೀಟಿನ ಹಿಂದೆ ನಿಲ್ಲಿಸಿ ಕಟ್ಟಬಹುದು. ಇದರ ನಿಯಮ ಬೇರೆ: ಗಾಳಿ 60 ಪಿಎಸ್‌ಐ, ವೇಗ 80 ಕಿಲೋಮೀಟರ್ ಮೀರಬಾರದು, ಪಂಚರ್ ಅಂಗಡಿವರೆಗೆ ಮಾತ್ರ. ಮನೇಲಿ ಆರು ತಿಂಗಳು ಬಿದ್ದಿದ್ರೆ 60 ಇದ್ದಿದ್ದು ಸಾಕಷ್ಟು ಇಳಿದಿರತ್ತೆ, ಹಾಗಾಗಿ ಗಾಳಿ ಪಂಪು ಜೊತೆಗೇ ಇರ್ಬೇಕು. ಮುಂದಿನ ಟೈರ್ ಹೋದ್ರೆ ಹಿಂದಿನ ಒಳ್ಳೇ ಚಕ್ರ ಮುಂದಕ್ಕೆ ತಂದು, ತೆಳು ಚಕ್ರ ಹಿಂದಕ್ಕೆ ಹಾಕಿ. ಎರಡು ಸಲ ಜಾಕ್ ಎತ್ತಬೇಕು, ಬೇಸರ ಆಗ್ಬಹುದು, ಆದ್ರೂ ಹಾಗೇ ಮಾಡಿ.

ಕೊಳ್ಳೋ ಮುಂಚೆ ಡಿಸ್ಕಿನ ನಡುವಿನ ತೂತು ಅಳೀರಿ. ಸ್ವಿಫ್ಟ್ ಹಬ್ (ಆ ತೂತಿಗೆ ಕೂರೋ ನಡುವಿನ ಭಾಗ) 54.1 ಮಿಲಿಮೀಟರ್. ಹೋಂಡಾ ಸಿಟಿದು 56.1, ಹಾಕಿದ್ರೆ ಕೂರತ್ತೆ, ಆದ್ರೆ ಎರಡು ಮಿಲಿಮೀಟರ್ ಸಡಿಲ. ಫೋರ್ಡ್ ಫಿಗೊ 4 ಅಡ್ಡ 108, ಕೂರೋದೇ ಇಲ್ಲ. ನಟ್ಟು ನಿಮ್ಮ ಗಾಡಿದೇ ಬಳಸಿ: ಮಾರುತಿಗೆ 12 ಎಂಎಂ 1.25 ಪಿಚ್ (ಥ್ರೆಡ್ ಸುತ್ತುಗಳ ನಡುವಿನ ಅಂತರ), ಹ್ಯುಂಡೈ, ಟೊಯೊಟಾಗೆ 1.5 ಪಿಚ್. ತಪ್ಪು ನಟ್ಟು ಒಂದೆರಡು ಸುತ್ತು ಹೋಗಿ ಬಿಗಿಯಾಯ್ತು ಅನ್ನಿಸತ್ತೆ, ಸ್ಟಡ್ ಥ್ರೆಡ್ ಹರಿದಿರತ್ತೆ.

ಕರಾವಳಿ ಕಾರು
ಸ್ಟೆಪ್ನಿ ಸ್ಟೆಪ್ನಿ ಅಂತ ಹೇಳ್ತೇವಲ್ಲ, ಅದು ಊರಿನ ಬೀದಿಯ ಹೆಸರು ಮಾರಾಯ್ರೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ಲನೆಲ್ಲಿ ಅಂತ ಊರು, ಅಲ್ಲಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಅಣ್ಣತಮ್ಮಂದಿರು 1904ರಲ್ಲಿ ಹೆಚ್ಚುವರಿ ಚಕ್ರ ಮಾಡಿ ಮಾರಿದ್ದು. ಅವರ ಊರಲ್ಲಿ ಶಬ್ದ ಮರೆತುಹೋಯಿತು, ನಮ್ಮಲ್ಲಿ ಉಳಿಯಿತು.

ನಾಲ್ಕು ಚಕ್ರ
ಚೆನ್ನಾಗಿದೆ! ಆದ್ರೆ ದಂಡದ ವಿಷಯ ಯಾರೂ ಹೇಳ್ಲಿಲ್ಲ. ಸ್ಟೆಪ್ನಿ ಇಲ್ಲದೆ ಓಡಿಸೋದು ಕಾನೂನು ಪ್ರಕಾರ ತಪ್ಪೇ ಅಲ್ವಾ?

ಮೈಸೂರು ರಸ್ತೆ
2020ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮ ತಿದ್ದುಪಡಿ ಆಗಿದೆ. ಡ್ರೈವರ್ ಬಿಟ್ಟು ಎಂಟಕ್ಕಿಂತ ಹೆಚ್ಚು ಸೀಟಿಲ್ಲದ, 3.5 ಟನ್ ಒಳಗಿನ ಪ್ರಯಾಣಿಕರ ಗಾಡಿಯಲ್ಲಿ ಟ್ಯೂಬ್‌ಲೆಸ್ ಟೈರಿನ ರಿಪೇರಿ ಕಿಟ್ ಮತ್ತು ಟೈರಿನ ಗಾಳಿ ತೋರಿಸೋ ಸೆನ್ಸರ್ ಎರಡೂ ಇದ್ರೆ ಸ್ಟೆಪ್ನಿ ಕಡ್ಡಾಯ ಅಲ್ಲ. "ಎರಡೂ" ಅನ್ನೋದು ಗಮನಿಸಿ. ಬರೀ ಕಿಟ್ ಇಟ್ಕೊಂಡು ಸೆನ್ಸರ್ ಇಲ್ಲ ಅಂದ್ರೆ ಆ ವಿನಾಯಿತಿಯ ಮಾತು ನಿಮಗೆ ಅನ್ವಯಿಸಲ್ಲ.

ಹಳೇ ಗಾಡಿಗೂ ಸೆನ್ಸರ್ ಹಾಕಿಸಬಹುದು. ವಾಲ್ವ್ ತುದಿಗೆ ಟೋಪಿ ಥರ ತಿರುಗಿಸೋದು ನಾಲ್ಕು ಬರತ್ತೆ, ಡ್ಯಾಶ್‌ಬೋರ್ಡ್ ಮೇಲೆ ಸಣ್ಣ ಡಿಸ್ಪ್ಲೇ. ರಬ್ಬರ್ ವಾಲ್ವ್ ಹಳೇದಾಗಿ ಬುಡದಲ್ಲಿ ಬಿರುಕು ಬಿಟ್ಟಿದ್ರೆ ಆ ಟೋಪಿಯ ತೂಕಕ್ಕೆ ಮುರಿಯತ್ತೆ, ಹಾಗಾಗಿ ಮೊದಲು ಲೋಹದ ವಾಲ್ವ್ ಹಾಕಿಸಿ. ಕಾನೂನು ಪಕ್ಕಕ್ಕಿಡಿ, ಸ್ಟೆಪ್ನಿ ಇಲ್ಲದ ಗಾಡಿಗೆ ಇದಕ್ಕಿಂತ ಉಪಯೋಗದ ವಸ್ತು ಇನ್ನೊಂದಿಲ್ಲ. 33ರಿಂದ 26ಕ್ಕೆ ಇಳಿದಾಗಲೇ ಕೂಗಿದ್ರೆ ಟೈರ್ ಉಳಿಯತ್ತೆ. ಗಾಳಿಯಿಲ್ಲದೆ ಕೆಲವು ನೂರು ಮೀಟರ್ ಓಡಿಸಿದ್ರೂ ಸೈಡ್‌ವಾಲ್ ಒಳಗಡೆ ಉಜ್ಜಿ ರಬ್ಬರ್ ಪುಡಿ ಉದುರಿರತ್ತೆ, ಆ ಟೈರನ್ನ ಆಮೇಲೆ ನಂಬೋ ಹಾಗಿಲ್ಲ.

ಘಾಟಿ ತಿರುವು
ಟೈರೊಳಗೆ ತೂತು ಮುಚ್ಚೋ ಜೆಲ್ ಹಾಕಿಸಿಬಿಡಿ ಸಾರ್. ನಾಲ್ಕೂ ಟೈರಿಗೆ ಮೊದಲೇ ತುಂಬಿಸಿದ್ರೆ ಪಂಚರ್ ಮಾತೇ ಇಲ್ಲ.

ಪಂಚರ್ ಪೆಟ್ಟಿಗೆ
ಇದನ್ನ ಒಪ್ಪಲ್ಲ. ಮೊಳೆ ಒಳಗೇ ಉಳಿಯತ್ತೆ, ನಿಮಗೆ ಗೊತ್ತೇ ಆಗಲ್ಲ. ಆ ತೂತಿನಿಂದ ನೀರು ಒಳಗಿನ ಸ್ಟೀಲ್ ತಂತಿಗೆ ಇಳಿದು ತುಕ್ಕು ಹಿಡಿಯತ್ತೆ. ರಾತ್ರಿ ಗಾಡಿ ನಿಂತಾಗ ಜೆಲ್ ಕೆಳಗೆ ಇಳಿದು ಬೆಳಿಗ್ಗೆ ಸ್ಟೇರಿಂಗ್ ನಡುಗತ್ತೆ. ಸ್ಟೀಲ್ ಡಿಸ್ಕಿಗೆ ಅಗ್ಗದ ನೀರು ಬೆರೆತ ಜೆಲ್ ಹಾಕಿದ್ರೆ ಡಿಸ್ಕಿಗೂ ತುಕ್ಕು. ಆಮೇಲೆ ಟೈರ್ ಬಿಚ್ಚಿದಾಗ ಒಳಗೆ ಗೊಜ್ಜಿನ ಥರ ಹರಡಿರೋದನ್ನ ಪೂರ್ತಿ ತೊಳೆಯದೆ ಒಳಗಿನಿಂದ ಪ್ಯಾಚ್ ಅಂಟಲ್ಲ.

ಘಾಟಿ ತಿರುವು
ಎಲ್ಲಾ ಜೆಲ್ ಒಂದೇ ಅಲ್ಲ. ಕಾರು ಕಂಪನಿಗಳೇ ಸ್ಟೆಪ್ನಿ ಬದಲು ಜೆಲ್ ಬಾಟ್ಲಿ ಕೊಡ್ತಾವಲ್ಲ, ಅದು ತಪ್ಪಾ?

ಪಂಚರ್ ಪೆಟ್ಟಿಗೆ
ಅದು ಪಂಚರ್ ಆದ *ಮೇಲೆ* ಹಾಕೋದು. ಸುಮಾರು 450 ಮಿಲಿಲೀಟರ್ ಬಾಟ್ಲಿ. ವಾಲ್ವ್ ಒಳಗಿನ ಪಿನ್ ಬಿಚ್ಚಿಯೋ, ಪಂಪಿನ ಪೈಪ್ ಮೂಲಕವೋ ಒಳಗೆ ಬಿಟ್ಟು, ಗಾಳಿ ಹೊಡೆದು, ಕೂಡಲೇ ನಾಲ್ಕೈದು ಕಿಲೋಮೀಟರ್ ನಿಧಾನಕ್ಕೆ ಓಡಿಸ್ಬೇಕು. ಓಡಿದ್ರೆ ತಾನೇ ಅದು ಸುತ್ತ ಹರಡಿ ತೂತಿಗೆ ಸೇರೋದು. ಮತ್ತೆ ನಿಲ್ಲಿಸಿ ಗಾಳಿ ನೋಡಿ. ಅದನ್ನ ಕೊನೇ ಉಪಾಯವಾಗಿ ಇಟ್ಕೊಳ್ಳಿ, ಬಾಟ್ಲಿ ಮೇಲಿನ ಎಕ್ಸ್‌ಪೈರಿ ನೋಡಿ. ಇದರಲ್ಲಿ ನಿಮ್ಮ ಮಾತು ಸರಿ.

ಕಿಟ್ ಫಿಟ್ಟರ್
ಇಲ್ಲೊಂದು ಎಚ್ಚರಿಕೆ. ಒತ್ತಿದ್ರೆ ನೊರೆ ಬಂದು ಟೈರ್ ಉಬ್ಬಿಸೋ ಸ್ಪ್ರೇ ಡಬ್ಬಿ ಸಿಗತ್ತಲ್ಲ, ಅದರಲ್ಲಿ ಕೆಲವಕ್ಕೆ ತಳ್ಳೋ ಗ್ಯಾಸ್ ಆಗಿ ಪ್ರೊಪೇನ್, ಬ್ಯೂಟೇನ್ ತುಂಬಿರ್ತಾರೆ. ಅಂದ್ರೆ ಅದೂ ಎಲ್‌ಪಿಜಿನೇ. ಡಬ್ಬಿ ಮೇಲೆ ಬೆಂಕಿ ಚಿತ್ರ ಇದ್ರೆ ಕೊಳ್ಳಬೇಡಿ. ಬಿಸಿಲಲ್ಲಿ ನಿಂತ ಡಿಕ್ಕಿಯಲ್ಲಿ, ಗ್ಯಾಸ್ ಟ್ಯಾಂಕಿನ ಪಕ್ಕ ಅದನ್ನ ಇಡೋ ಅಗತ್ಯ ಏನಿದೆ? ಬಳಸಿದ್ರೆ ಪಂಚರ್ ಅಂಗಡಿಯವರಿಗೆ ಟೈರ್ ಬಿಚ್ಚೋ ಮುಂಚೆಯೇ ಹೇಳಿ. ಬೀಡಿ, ಸಿಗರೇಟ್ ಹಚ್ಚಿಕೊಂಡು ಕೂತು ಬಿಚ್ಚಿದ್ರೆ ಅನಾಹುತ.

ಹಾಸನದ ಹಾದಿ
ಸರಿ, ಕಿಟ್ ಅಂತಲೇ ತೀರ್ಮಾನ. ಸ್ಟ್ರಿಪ್, ಅಂದ್ರೆ ತೂತಿಗೆ ತುರುಕೋ ರಬ್ಬರ್ ಪಟ್ಟಿ, ಹಾಕೋದನ್ನ ಯಾರಾದ್ರೂ ಬಿಡಿಸಿ ಹೇಳ್ತೀರಾ? ಅಂಗಡಿಯವರು ಮಾಡೋದು ನೋಡಿದ್ದಷ್ಟೇ.

ಪಂಚರ್ ಪೆಟ್ಟಿಗೆ
ಗಾಡಿನ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ. ಹ್ಯಾಂಡ್‌ಬ್ರೇಕ್, ಗೇರ್, ಹಜಾರ್ಡ್ ಲೈಟ್, ಹಿಂದೆ ದೂರಕ್ಕೆ ತ್ರಿಕೋನ. ಮುಂದಿನ ಟೈರಾದ್ರೆ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಜಾಕ್ ಇಲ್ಲದೇನೇ ಕೈ ಹೋಗತ್ತೆ. ಮೊಳೆ ನೆಲಕ್ಕೆ ಕೂತಿದ್ರೆ ಗಾಡಿ ಅರ್ಧ ಸುತ್ತು ಮುಂದಕ್ಕೆ. ಹಿಂದಿನದಾದ್ರೆ ಚಕ್ರ ಬಿಚ್ಚೋದೇ ಒಳ್ಳೇದು.

ಮೊಳೆ ಕಾಣದಿದ್ರೆ ಗಾಳಿ ಹೊಡೆದು ಸೋಪು ನೀರು ಹಾಕಿ, ಗುಳ್ಳೆ ಬರೋ ಕಡೆ ಸೀಮೆಸುಣ್ಣದ ಗುರುತು. ಟೈರಲ್ಲಿ ಸ್ವಲ್ಪ ಗಾಳಿ ಇರೋವಾಗಲೇ ಕೆಲಸ ಮಾಡಿ, 15–20 ಪಿಎಸ್‌ಐ ಇದ್ರೆ ಟೈರು ಗಟ್ಟಿಯಾಗಿರತ್ತೆ, ಚುಚ್ಚೋಕೆ ಸುಲಭ. ಪೂರ್ತಿ ಮೆತ್ತಗಾದ ಟೈರು ಒಳಕ್ಕೆ ತಗ್ಗುತ್ತೆ.

ಕೀಳೋವಾಗ ಮೊಳೆ ಯಾವ ಓರೆಯಲ್ಲಿ ಹೋಗಿದೆ ನೋಡ್ಕೊಳ್ಳಿ. ಅರದಂಥ ಮೊನೆಯ ಉಪಕರಣಕ್ಕೆ ಸಲ್ಯೂಷನ್ (ರಬ್ಬರ್ ಅಂಟು) ಬಳಿದು ಅದೇ ಓರೆಯಲ್ಲಿ ತಿರುಗಿಸ್ತಾ ಹತ್ತು ಹದಿನೈದು ಸಲ ಒಳಗೆ ಹೊರಗೆ ಎಳೀರಿ. ಜನ ಇಲ್ಲೇ ಅವಸರ ಮಾಡೋದು. ಟೈರಿನೊಳಗೆ ಸ್ಟೀಲ್ ತಂತಿ ಇದೆ, ತುಂಡಾದ ತಂತಿ ತುದಿ ನುಣುಪಾಗದಿದ್ರೆ ಸ್ಟ್ರಿಪ್ಪನ್ನ ದಿನ ದಿನ ಕೊಯ್ದು ಹಾಕತ್ತೆ. ಸ್ಟ್ರಿಪ್ಪನ್ನ ಸೂಜಿ ಕಣ್ಣಿಗೆ ಅರ್ಧಕ್ಕೆ ಸಿಗಿಸಿ, ಸಲ್ಯೂಷನ್ ಹಚ್ಚಿ, ಎರಡು ತುದಿ ಒಂದೂವರೆ ಎರಡು ಸೆಂಟಿಮೀಟರ್ ಹೊರಗುಳಿಯೋವರೆಗೆ ಒತ್ತಿ. ಆಮೇಲೆ ತಿರುಗಿಸದೆ, ಒಂದೇ ಎಳೆತಕ್ಕೆ ಸೂಜಿ ಹೊರಗೆ. ಉಳಿದ ತುದಿನ 3 ಮಿಲಿಮೀಟರ್ ಬಿಟ್ಟು ಕತ್ತರಿಸಿ. ಪೂರ್ತಿ ನುಣ್ಣಗೆ ಕತ್ತರಿಸಬೇಡಿ, ಎಳೆದು ಹಿಗ್ಗಿಸಿ ಕತ್ತರಿಸಬೇಡಿ. ಗಾಳಿ ಹೊಡೆದು ಮತ್ತೆ ಸೋಪು ನೀರು.

ಮಿತಿ: ನೆಲಕ್ಕೆ ತಾಗೋ ಭಾಗದಲ್ಲಿ ಮಾತ್ರ, ತೂತು 6 ಮಿಲಿಮೀಟರ್ ಒಳಗೆ. ಟೈರಿನ ಭುಜದಲ್ಲಿ (ನೆಲಕ್ಕೆ ತಾಗೋ ಭಾಗ ಪಕ್ಕಕ್ಕೆ ತಿರುಗೋ ಅಂಚು), ಸೈಡ್‌ವಾಲಲ್ಲಿ ಸ್ಟ್ರಿಪ್ ನಿಲ್ಲಲ್ಲ, ಆ ಜಾಗ ಪ್ರತಿ ಸುತ್ತಿಗೂ ಮಡಚಿ ಬಿಚ್ಚತ್ತೆ.

ಮೈಸೂರು ರಸ್ತೆ
ಇದಕ್ಕೆ ಒಂದು ಸೇರಿಸ್ತೀನಿ. ಸ್ಟೆಪ್ನಿ ತೆಗೆದ ದಿನ ಜಾಕ್, ವೀಲ್ ಸ್ಪ್ಯಾನರ್, ಎಳೆಯೋ ಕೊಂಡಿ ಮೂರನ್ನೂ ಶೆಡ್ಡಿಗೆ ಹಾಕಿರ್ತಾರೆ, ಅವೂ ಅದೇ ಗುಂಡಿಯಲ್ಲಿ ಇರ್ತಿದ್ದವಲ್ಲ. ಮೂರನ್ನೂ ವಾಪಸ್ ಗಾಡಿಗೆ ಹಾಕಿ. ಸ್ಟೆಪ್ನಿ ಇಲ್ಲದಿದ್ರೂ ಹಿಂದಿನ ಚಕ್ರ ಬಿಚ್ಚಬೇಕು, ಬಿಚ್ಚಿದ ಚಕ್ರವನ್ನ ಬಸ್ಸಲ್ಲೋ ಆಟೋದಲ್ಲೋ ಅಂಗಡಿಗೆ ಒಯ್ಯಬೇಕಾಗಬಹುದು.

ಕರಾವಳಿ ಕಾರು
ಪಂಪಿನ ಬಗ್ಗೆಯೂ ಹೇಳಿ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಗಿಸಿದ ಕೂಡಲೇ ಫ್ಯೂಸ್ ಹೋಗ್ತದೆ ಅಂತ ತುಂಬ ಜನರ ದೂರು ಉಂಟು.

ಮೈಸೂರು ರಸ್ತೆ
ಆ ಸಾಕೆಟ್ಟಿಗೆ ಸಾಮಾನ್ಯವಾಗಿ 15 ಆಂಪಿಯರ್ ಫ್ಯೂಸು. ಪಂಪ್ ಡಬ್ಬಿ ಮೇಲೆ ಬರೆದಿರೋ ಆಂಪಿಯರ್ 10ರ ಆಸುಪಾಸು ಇದ್ರೆ ಸಾಕೆಟ್ ಸಾಕು. ಜಾಸ್ತಿ ಇದ್ರೆ ಬ್ಯಾಟರಿಗೇ ಕ್ಲಿಪ್ ಹಾಕೋ ಪಂಪ್ ತಗೊಳ್ಳಿ. ಇಂಜಿನ್ ಚಾಲೂ ಇರಲಿ, ಹತ್ತು ನಿಮಿಷಕ್ಕಿಂತ ಜಾಸ್ತಿ ಒಂದೇ ಸಮ ಓಡಿಸಬೇಡಿ, ಪಿಸ್ಟನ್ ಕಾದು ಹಿಡಿದುಕೊಳ್ಳತ್ತೆ. ಒಂದು ಜೊತೆ ಫ್ಯೂಸ್ ಗ್ಲೋವ್ ಬಾಕ್ಸಲ್ಲಿ. ಟೈರಿನ ಅಂಚು ಡಿಸ್ಕಿನಿಂದ ಕಳಚಿಕೊಂಡಿದ್ರೆ ಈ ಸಣ್ಣ ಪಂಪ್ ಕೈಯಲ್ಲಿ ಆಗಲ್ಲ, ಹೊಡೆದಷ್ಟೂ ಪಕ್ಕದಿಂದ ಹೋಗತ್ತೆ.

ಬೆಂಗಳೂರು ಸಿಎನ್‌ಜಿ
ನಮ್ಮದು ಸಿಎನ್‌ಜಿ, ತಾಪತ್ರಯ ಬೇರೆ ಥರ. ಸ್ಟೆಪ್ನಿ ಗುಂಡಿಯಲ್ಲೇ ಇದೆ, ಆದ್ರೆ ಅದರ ಮೇಲೆ ಸ್ಟ್ಯಾಂಡ್ ಹಾಕಿ 60 ಲೀಟರ್ ಸಿಲಿಂಡರ್ ಕೂರಿಸಿದಾರೆ. ಸಿಲಿಂಡರ್ ಪಟ್ಟಿ ಸಡಿಲಿಸಿ ಸ್ಟೆಪ್ನಿ ತೆಗೀಬಹುದಾ?

ಕಿಟ್ ಫಿಟ್ಟರ್
ಖಂಡಿತ ಬೇಡ. ಒಳಗೆ 200 ಬಾರ್ ಒತ್ತಡ ಇದೆ. ಸಿಲಿಂಡರ್ ಒಂದಿಷ್ಟು ಹೊರಳಿದ್ರೂ ವಾಲ್ವ್‌ಗೆ ಬಿಗಿದ ಸ್ಟೀಲ್ ಪೈಪಿನ ಜಾಯಿಂಟ್ ಮೇಲೆ ಬೀಳತ್ತೆ. ರಸ್ತೆ ಬದಿಯಲ್ಲಿ ಅದನ್ನ ಯಾರೂ ಮುಟ್ಟಬಾರದು. ಫಿಟ್ ಮಾಡಿದವರ ಹತ್ರ ಹೋಗಿ ಸ್ಟ್ಯಾಂಡನ್ನ ಸೀಟಿನ ಕಡೆ ಸರಿಸಿಸಿ, ಚಕ್ರ ಓರೆಯಾಗಿ ಹೊರಬರೋ ಸಂದು ಬಿಡಿಸಿ. ಹೊಸದಾಗಿ ಹಾಕಿಸೋರಿಗೆ: ದುಡ್ಡು ಕೊಡೋ ಮುಂಚೆ "ಸ್ಟೆಪ್ನಿ ಹೊರಗೆ ತೆಗೆದು ವಾಪಸ್ ಇಟ್ಟು ತೋರಿಸಿ" ಅನ್ನಿ. ಟಾಟಾದವರು 60 ಲೀಟರಿನ ಒಂದರ ಬದಲು 30 ಲೀಟರಿನ ಎರಡು ಸಿಲಿಂಡರ್ ಡಿಕ್ಕಿ ನೆಲದಡಿ ಹಾಕಿ, ಸ್ಟೆಪ್ನಿನ ಗಾಡಿ ತಳಕ್ಕೆ ತೂಗಿಸಿದ್ದು ಇದೇ ತೊಂದರೆಗೆ. 2023ರ ಆಲ್ಟ್ರೋಜ್‌ನಲ್ಲಿ ನೋಡಬಹುದು.

ಇನ್ನೊಂದು. ಸ್ಟೀಲ್ ಸಿಲಿಂಡರ್, ಸ್ಟ್ಯಾಂಡ್, ಗ್ಯಾಸ್ ಸೇರಿ ಒಬ್ಬ ದೊಡ್ಡ ಮನುಷ್ಯನ ತೂಕ ಸದಾ ಹಿಂದೆ ಕೂತಿರತ್ತೆ. ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರಲ್ಲಿ ಪೂರ್ತಿ ಲೋಡಿಗೆ ಬರೆದಿರೋ ಹಿಂದಿನ ಟೈರ್ ಒತ್ತಡ ಇಟ್ಕೊಳ್ಳಿ. ಎಲ್‌ಪಿಜಿಗೆ ಅಷ್ಟು ವ್ಯತ್ಯಾಸ ಬರಲ್ಲ. 45 ಲೀಟರ್ ಟ್ಯಾಂಕಿಗೆ ಶೇಕಡಾ 80 ಮಾತ್ರ ತುಂಬೋದು, ಅಂದ್ರೆ 36 ಲೀಟರ್, ಇಪ್ಪತ್ತು ಕೆಜಿ ಗ್ಯಾಸು. ಜೊತೆಗೆ ಸ್ಟೆಪ್ನಿ ತೂಕ ಕಳೆಯತ್ತೆ.

ನಾಲ್ಕು ಚಕ್ರ
ಸೈಡ್‌ವಾಲ್ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಮೈಸೂರು ರಸ್ತೆ
ಸೈಡ್‌ವಾಲ್ ಸೀಳಿದ್ರೆ ಕಿಟ್ಟಿಗೆ ಉತ್ತರ ಇಲ್ಲ, ಅದು ನಿಜ. ಎರಡೇ ದಾರಿ: ಜೊತೆಗೆ ಚಕ್ರ, ಇಲ್ಲ ಫೋನು. ಇನ್ಶೂರೆನ್ಸಿನ ರಸ್ತೆ ಸಹಾಯದ ಷರತ್ತು ಓದಿ. ಕೆಲವದರಲ್ಲಿ "ಸ್ಟೆಪ್ನಿ ಬದಲಿಸಿಕೊಡ್ತೇವೆ" ಅಂತ ಮಾತ್ರ ಇರತ್ತೆ. ನಿಮ್ಮ ಹತ್ರ ಸ್ಟೆಪ್ನಿಯೇ ಇಲ್ಲ. ಸ್ಟೆಪ್ನಿ ಇಲ್ಲದಿದ್ರೆ ಟೋ ಮಾಡ್ತಾರಾ, ಎಷ್ಟು ಕಿಲೋಮೀಟರ್ ಅಂತ ಈಗಲೇ ಕೇಳಿ ಬರೆಸಿಕೊಳ್ಳಿ. ಗ್ಯಾಸ್ ಕಿಟ್ ಆರ್‌ಸಿಯಲ್ಲಿ, ಪಾಲಿಸಿಯಲ್ಲಿ ಎರಡರಲ್ಲೂ ನಮೂದಾಗಿರಲಿ.

ಘಾಟಿ ತಿರುವು
ನನ್ನ ಅಭಿಪ್ರಾಯ: ಊರೊಳಗೆ, ಹೈವೇಲಿ ಕಿಟ್ ಸಾಕು. ಸಕಲೇಶಪುರದಿಂದ ಗುಂಡ್ಯಕ್ಕೆ, ಚಾರ್ಮಾಡಿಗೆ ರಾತ್ರಿ ಹೋಗೋ ದಿನ ತೆಳು ಚಕ್ರ ಕಟ್ಕೊಂಡು ಹೋಗಿ. ದಿನಾ ಹೊರಬೇಕಾಗಿಲ್ಲ.

ಹಾಸನದ ಹಾದಿ
ಇದು ಸರಿ ಅನ್ನಿಸ್ತಿದೆ. ಸೆನ್ಸರ್, ಪಂಪು, ಸ್ಟ್ರಿಪ್ ಕಿಟ್ ಸದಾ ಗಾಡೀಲಿ, ಘಾಟಿಗೆ ಹೋಗೋ ದಿನ ಟಿ ನಂಬರಿನ ಚಕ್ರ. ನಾಳೆ ಗುಜರಿ ಅಂಗಡಿಗೆ ಟೇಪ್ ಹಿಡ್ಕೊಂಡು ಹೋಗ್ತೀನಿ, 54.1 ಅಳೆಯೋಕೆ. ಕಿಟ್ಟಲ್ಲಿ ಎಷ್ಟು ಸ್ಟ್ರಿಪ್ ಇಟ್ಕೊಳ್ಳಲಿ?

ಪಂಚರ್ ಪೆಟ್ಟಿಗೆ
ಟೇಪಲ್ಲಿ ದಶಾಂಶ ಸಿಗಲ್ಲ, ವರ್ನಿಯರ್ (ಸೂಕ್ಷ್ಮ ಅಳತೆಯ ಉಪಕರಣ) ಒಯ್ಯಿರಿ. ಹತ್ತು ಸ್ಟ್ರಿಪ್, ಎರಡು ವಾಲ್ವ್ ಪಿನ್, ಒಂದು ಇಕ್ಕಳ, ತಲೆಗೆ ಕಟ್ಟೋ ಟಾರ್ಚ್. ಸಲ್ಯೂಷನ್ ಸೀಲ್ ಒಡೆಯದ ಎರಡು ಟ್ಯೂಬ್ ಇಡಿ. ಒಮ್ಮೆ ಸೀಲ್ ಒಡೆದದ್ದು ಕೆಲವೇ ತಿಂಗಳಲ್ಲಿ ಒಳಗೇ ಒಣಗಿ ಗಟ್ಟಿಯಾಗತ್ತೆ. ಹಳೇ ಟೈರೊಂದು ಅಂಗಡೀಲಿ ಕೇಳಿ ತಂದು, ಬೇಕಂತಲೇ ಮೊಳೆ ಹೊಡೆದು ಮನೆ ಮುಂದೆ ಒಂದು ಸ್ಟ್ರಿಪ್ ಹಾಕಿ ನೋಡಿ. ಸೂಜಿ ಒಳಗೆ ಹೋಗೋಕೆ ಎಷ್ಟು ತೋಳ್ಬಲ ಬೇಕು ಅಂತ ಅವತ್ತೇ ಗೊತ್ತಾಗಲಿ. ಹಿಡಿ ಪ್ಲಾಸ್ಟಿಕ್‌ದಾದ್ರೆ ಅಲ್ಲೇ ಮುರಿಯತ್ತೆ, ಕಬ್ಬಿಣದ ಟಿ ಹಿಡಿ ಇರೋದನ್ನೇ ಕೊಳ್ಳಿ.